ಕಿರಣನ ಅಪ್ಪ ಇಬ್ಬರು

ಕುಮಟಾ
ಗಂಡಸರ ವಾರ್ಡು, ಕಿಟಕಿ ಪಕ್ಕದ ಮಂಚ
ಶುಕ್ರವಾರ, 14-11-2025

ಕಿರಣನ ಅವ್ವಿಗೆ,

ತದಡಿಯ ಕಿರಣನ ಅಪ್ಪ ಬರೆಯುವ ಕಾಗದ ಇದು. ಕಾಸರಕೋಡಿನ ಕಿರಣನ ಅಪ್ಪನದಲ್ಲ. ಅವನು ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಅದೇ ಗೊಂದಲ ಇನ್ನೊಂದು ಸಲ ಬೇಡ.

ನೀನು ಫೋನು ಎತ್ತುವುದಿಲ್ಲ. ನಿನ್ನ ತಂಗಿ ನಾಗಿ ಎತ್ತಿ, "ಅಕ್ಕ ಮೀನು ಕೊಚ್ತಾ ಅದೆ ಬಾವಾ" ಎನ್ನುತ್ತಾಳೆ. ಬೆಳಿಗ್ಗೆ ಮಾಡಿದರೂ ಮೀನು, ಸಂಜೆ ಮಾಡಿದರೂ ಮೀನು. ಭಟ್ಕಳ ಬಂದರಿಗೆ ಬಂದದ್ದನ್ನೆಲ್ಲ ನೀನೊಬ್ಬಳೇ ಕೊಚ್ಚಿ ಮುಗಿಸುತ್ತಿದ್ದೀಯೋ ಹೇಗೆ? ಕಿರಣನಿಗೆ ಹೇಳಿ ನೋಡಿದೆ. ಅವನು ಮಲ್ಪೆಯ ಬೋಟಿನಿಂದಲೇ, "ಅಪ್ಪಾ, ನಿಮ್ಮಿಬ್ರ ಮಧ್ಯ ನಾ ಬರೂದಿಲ್ಲ. ನಂಗೆ ಈ ಸಮುದ್ರದ ಗಾಳಿಯೇ ಸಾಕು" ಎಂದು ಇಟ್ಟುಬಿಟ್ಟ. ಅದಕ್ಕೇ ಕಾಗದ. ಫೋನು ಕಟ್ ಮಾಡಬಹುದು, ಕಾಗದ ಕಟ್ ಮಾಡಲು ಬರುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ದೋಣಿ ಹತ್ತಿದವನ ಅಕ್ಷರ, ಏಡಿ ಮರಳಿನ ಮೇಲೆ ಓಡಿದ ಹಾಗೆ ಇದೆ. ಓದು. ಓದಲು ಬರುವುದಿಲ್ಲ ಎಂದು ನಾಟಕ ಮಾಡಬೇಡ. ಬಸ್ಸಿನ ಬೋರ್ಡನ್ನು ಡ್ರೈವರನಿಗಿಂತ ಮೊದಲು ಓದುವವಳು ನೀನು.

ಕಾಲಿನ ಗಾಯ ಒಣಗಿದೆ. ಬಳಚಿನ ಚಿಪ್ಪು ತಾಗಿ ಆದ ಗಾಯಕ್ಕೆ ಇಷ್ಟು ದಿನ ಮಲಗಬೇಕಾಯಿತೆಂದರೆ ನಾಚಿಕೆ. ಹೊಳೆಯಲ್ಲಿ ಹುಟ್ಟಿ ಬೆಳೆದವನ ಕಾಲು, ಅಂಗೈ ಅಗಲದ ಚಿಪ್ಪಿಗೆ ಸೋತಿತು. ಸೋಮವಾರ ಮನೆಗೆ ಕಳಿಸುತ್ತೇವೆ ಎಂದು ತ್ರ್ಯಂಬಕ ಡಾಕ್ಟರು ಹೇಳಿದ್ದಾರೆ. ಯಾವ ಮನೆಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಲೆ ಉರಿಯದ ಮನೆಗೆ ಹೋಗಿ ಎಂತ ಮಾಡುವುದು? ಇಲ್ಲಿ ಕಾಸರಕೋಡಿನವನ ಹೆಂಡತಿ ಶ್ರೀಮತಿ ನನಗೂ ಒಂದು ಡಬ್ಬಿ ತರುತ್ತಾಳೆ. ಒಳ್ಳೆಯ ಹೆಂಗಸು. ಸಾರಿಗೆ ಮಾತ್ರ ಉಪ್ಪು ಜಾಸ್ತಿ. ಹೇಳಲಿಲ್ಲ. ನಾನು ಹೇಳದೆ ಬಿಟ್ಟೆ ಎಂದರೆ ನೀನು ನಂಬುವುದಿಲ್ಲ, ಆದರೆ ನಿಜ.

ಈಗ ಆ ದಿನದ ವಿಷಯ. ನೀನು ಅಲ್ಲೇ ಇದ್ದೆ, ಆದರೂ ಬರೆಯುತ್ತೇನೆ. ಏಕೆಂದರೆ ನೀನು ನಾಗಿಗೆ ಹೇಳಿದ ಕಥೆಯಲ್ಲಿ ನಾನು ಬೈದದ್ದು ಮಾತ್ರ ಇದೆ, ಸೂಜಿಯೇ ಇಲ್ಲ ಎಂದು ಕೇಳಿದೆ.

ಅಂದು ನನ್ನ ಗಾಯ ಕೆರೆದು ತೊಳೆಯುವುದಿತ್ತು. ಅದಕ್ಕಾಗಿ ಹೊಟ್ಟೆಗೆ ನೀರೂ ಹಾಕದೆ ಮಲಗಿಸಿದ್ದರು. ನಾನು ಮಂಪರಿನಲ್ಲಿದ್ದೆ. ನರ್ಸು ಸೂಜಿ ಹಿಡಿದು ಕಿಟಕಿ ಪಕ್ಕದ ಮಂಚಕ್ಕೆ ಬಂದಳು. ಪಕ್ಕದಲ್ಲಿ ಕೂತ ನಿನ್ನನ್ನು, "ಇವ್ರ ಹೆಸರೆಂತ ಅಮ್ಮಾ?" ಎಂದು ಕೇಳಿದಳು. ನೀನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಕಿರಣನ ಅಪ್ಪ" ಎಂದೆ. ಅವಳ ಚೀಟಿಯಲ್ಲಿ ವೆಂಕಟ ಎಂದಿತ್ತು, ಮಗನ ಹೆಸರು ಕಿರಣ ಎಂದೂ ಇತ್ತು. ತಾಳೆಯಾಯಿತಲ್ಲ ಎಂದುಕೊಂಡಳು. ಆದರೆ ಆ ಚೀಟಿ ಈ ವೆಂಕಟನದಲ್ಲ, ಕಾಸರಕೋಡಿನ ವೆಂಕಟನದು. ಅವನ ಮಗನೂ ಕಿರಣನೇ. ಅವನಿಗೆ ಸಕ್ಕರೆ ಕಾಯಿಲೆ, ಸೂಜಿಯಲ್ಲಿದ್ದದ್ದು ಅವನ ಇನ್ಸುಲಿನ್ನು. ಸಕ್ಕರೆಯೂ ಇಲ್ಲದ, ಊಟವೂ ಇಲ್ಲದ ನನ್ನ ಮೈಗೆ ಅದು ಹೋಗಿದ್ದರೆ ಬೆವರಿ, ನಡುಗಿ, ಎಚ್ಚರ ತಪ್ಪಿ, ಮತ್ತೆ ಏಳುವುದೇ ಅನುಮಾನವಾಗುತ್ತಿತ್ತಂತೆ.

ಸ್ಪಿರಿಟ್ಟಿನ ಹತ್ತಿ ತಣ್ಣಗೆ ತಾಗಿತು. ನಾನು ಕೂಗಿದೆ. ಏನೂ ಗೊತ್ತಿದ್ದು ಕೂಗಿದ್ದಲ್ಲ, ನನಗೆ ಯಾರು ಮುಟ್ಟಿದರೂ ಕೂಗುವ ಅಭ್ಯಾಸ. ನರ್ಸು ಹೆದರಿ ಕೈ ಹಿಂದಕ್ಕೆ ತೆಗೆದಳು, ಚೀಟಿಯನ್ನು ಮತ್ತೆ ನೋಡಿದಳು, ಮುಖ ಬಿಳಿಚಿಕೊಂಡಿತು. ಆಮೇಲೆ ನಾನು ನಿನ್ನ ಕಡೆ ತಿರುಗಿದೆ. "ಗಂಡನ ಹೆಸರು ಹೇಳಿದ್ರೆ ನಿನ್ನ ನಾಲಗೆ ಉದುರಿ ಬೀಳ್ತದೆಯೇನೇ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಅರಚಿದೆ. ಇನ್ನೂ ಕೆಲವು ಮಾತು ಅಂದೆ, ಅವನ್ನು ಬರೆದು ಕಾಗದ ಹಾಳು ಮಾಡುವುದಿಲ್ಲ. ನೀನು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ಗಟ್ಟಿ ಮಾಡಿ, "ಆತು" ಎಂದೆ. ಅಷ್ಟೇ. ಭಟ್ಕಳದ ಬಸ್ಸು ಹತ್ತಿದೆ. ಆ "ಆತು" ಇನ್ನೂ ಆ ಮೇಜಿನ ಮೇಲೆ ಕೂತಿದೆ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಿನ್ನ ಅಜ್ಜಿ ಹೇಳಿಕೊಟ್ಟದ್ದು. ಅವತ್ತು ಹೇಳದೆಯೇ ಮುಗಿಯುತ್ತಿತ್ತು. ಇದನ್ನು ನಿನಗೆ ಚುಚ್ಚಲು ಬರೆದದ್ದಲ್ಲ. ಮುಂದೆ ಓದು.

ಇಲ್ಲಿ ಸುಚಿತಾ ಎಂಬ ಹುಡುಗಿ ಇದ್ದಾಳೆ. ಭಟ್ಕಳ ಬಂದರಿನವಳೇ, ಅವಳ ಅಪ್ಪನೂ ಬೋಟಿನವನು. ನರ್ಸು ಓದಿದವಳು, ಆದರೆ ಸೂಜಿ ಚುಚ್ಚುವುದಿಲ್ಲ. ಆಸ್ಪತ್ರೆಯಲ್ಲಿ ಆದ ತಪ್ಪುಗಳನ್ನೂ, ಕೂದಲೆಳೆಯಲ್ಲಿ ತಪ್ಪಿಹೋದ ಗಂಡಾಂತರಗಳನ್ನೂ ಕಂಪ್ಯೂಟರಿಗೆ ಹಾಕಿ, ಯಾವುದು ಎಲ್ಲಿ ಹೆಚ್ಚು, ಮುಂದೆ ಎಲ್ಲಿ ಆದೀತು ಎಂದು ಲೆಕ್ಕ ತೆಗೆಯುವುದು ಅವಳ ಕೆಲಸ. ನೀನು ಹೋದ ಮಧ್ಯಾಹ್ನ ಬಂದು ಮಂಚದ ಪಕ್ಕ ಕೂತಳು. "ಎಂತ ಆತು ಅಜ್ಜಾ, ಮೊದಲಿಂದ ಹೇಳಿ" ಎಂದಳು.

ಹೇಳಿದೆ. ಹೇಳಿ, "ಬರ್ಕೊ. ತಪ್ಪು ಯಾರದ್ದು ಅಂತ ಬರಿ. ಒಂದು ಆ ನರ್ಸು, ಇನ್ನೊಂದು ನನ್ನ ಹೆಂಡ್ತಿ. ನರ್ಸನ್ನ ಮನೆಗೆ ಕಳಿಸಿ. ಹೆಂಡ್ತಿ ತಾನೇ ಹೋಗಾಯ್ತು" ಎಂದೆ.

ಅವಳು ಬರೆಯಲೇ ಇಲ್ಲ. "ಯಾರು ಅನ್ನೋ ಕಾಲಮ್ಮೇ ಇಲ್ಲ ಅಜ್ಜಾ ಇದ್ರಲ್ಲಿ. ಎಲ್ಲಿ, ಯಾವಾಗ, ಹ್ಯಾಗೆ, ಅಷ್ಟೇ ಇರೂದು" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಕಳ್ಳನ ಹೆಸರಿಲ್ಲದ ಪೊಲೀಸು ಕಂಪ್ಲೇಂಟು ಎಲ್ಲಾದರೂ ಉಂಟೇ? ಹಾಗೆಂದೇ ಕೇಳಿದೆ. ಆಗ ಅವಳು, "ನೀವು ತಾಂಡೇಲರಲ್ವಾ? ಬೋಟು ನಡೆಸಿದವರು. ಅಳಿವೇಲಿ ಬೋಟು ಬಂಡೆಗೆ ಬಡೀತು ಅಂತ ಇಟ್ಕೊಳ್ಳಿ. ತಾಂಡೇಲನ್ನ ಓಡಿಸಿ ಬೇರೆಯವನ್ನ ಕೂರಿಸಿದ್ರೆ ಬಂಡೆ ಎದ್ದು ಹೋತದಾ?" ಎಂದಳು.

ಕಾಸರಕೋಡಿನವನು ಅತ್ತ ತಿರುಗಿ ಮಲಗಿ ನಕ್ಕ. ಮಂಚ ಅಲುಗಾಡಿತು, ನೋಡಿದೆ.

ಮಾತು ನಿಜವೇ. ನಮ್ಮ ಬೋಟುಗಳಲ್ಲಿ ಈಗ ಜಿಪಿಎಸ್ ಇದೆ. ಮೀನು ಸಿಕ್ಕ ಜಾಗವನ್ನು ಒಬ್ಬ ಇನ್ನೊಬ್ಬನಿಗೆ ಸತ್ತರೂ ಹೇಳುವುದಿಲ್ಲ. ಬಲೆ ಹರಿಯುವ ಬಂಡೆಯ ಜಾಗವನ್ನು ಮಾತ್ರ ಜಗಳವಾಡಿದವನಿಗೂ ಹೇಳುತ್ತೇವೆ. ಯಾರ ಬಲೆ ಹರಿಯಿತು ಎಂದು ಕೇಳುವುದಿಲ್ಲ, ಬಂಡೆಗೊಂದು ಗುರುತು ಹಾಕಿಕೊಳ್ಳುತ್ತೇವೆ. ಇವಳು ಆಸ್ಪತ್ರೆಯೊಳಗೆ ಅದನ್ನೇ ಮಾಡುತ್ತಿದ್ದಾಳೆ. ಇದು ತಲೆಗೆ ಹೋಗಲು ನನಗೆ ಒಂದು ಹಗಲು ಹಿಡಿಯಿತು. ಹೋಗಿದೆ ಎಂದು ಅವಳಿಗೆ ಇನ್ನೂ ಹೇಳಿಲ್ಲ.

ಮೊದಲು ಇಲ್ಲಿ ತಪ್ಪು ಬರೆದವರಿಗೇ ಬೈಗುಳ ಬೀಳುತ್ತಿತ್ತಂತೆ. ಯಾರೂ ಬರೆಯುತ್ತಿರಲಿಲ್ಲ. ಆಸ್ಪತ್ರೆ ಕಾಗದದ ಮೇಲೆ ಬಂಗಾರ. ಹೆಸರು ಬೇಡ ಎಂದ ಮೇಲೆ ಒಬ್ಬೊಬ್ಬರೇ ಬರೆಯತೊಡಗಿದರು, ಲೆಕ್ಕ ಏರಿತು. ಆಸ್ಪತ್ರೆ ನಡೆಸುವವರು ಹೆದರಿ, "ಇದೆಂತ, ಈ ವರ್ಷ ಇಷ್ಟು ಕೆಟ್ಟು ಹೋಯ್ತಾ?" ಎಂದು ಡಾಕ್ಟರನ್ನು ಕೇಳಿದರಂತೆ. ಕಾಸರಕೋಡಿನವನಿಗೂ ಅದೇ ಅನುಮಾನ. ಅವನಿಗೆ ನಾನೇ ಬಿಡಿಸಿ ಹೇಳಿದೆ: ಇಳಿತವಾದಾಗ ಬಂಡೆ ಕಾಣುತ್ತದೆ ಮಾರಾಯ, ಬಂಡೆ ಅವತ್ತು ಹುಟ್ಟಿದ್ದಲ್ಲ.

ಹೋದ ವಾರ ಸುಚಿತಾ ಕಂಪ್ಯೂಟರನ್ನು ನನ್ನ ಮಂಚಕ್ಕೇ ತಂದಳು. ಪರದೆಯ ತುಂಬ ಬಣ್ಣದ ಚುಕ್ಕೆಗಳು, ರಂಗೋಲಿಗೆ ಇಟ್ಟ ಹಾಗೆ. ಒಂದೊಂದು ಚುಕ್ಕೆ ಒಂದೊಂದು ಗಂಡಾಂತರ. ಒಬ್ಬರ ಮದ್ದು ಇನ್ನೊಬ್ಬರಿಗೆ ಹೋಗಲಿದ್ದದ್ದು ಕೆಂಪು. ಗಂಡಸರ ವಾರ್ಡಿನಲ್ಲಿ ಕೆಂಪು ದಟ್ಟವಾಗಿತ್ತು, ಹೆಂಗಸರ ವಾರ್ಡಿನಲ್ಲಿ ಎಲ್ಲೋ ಒಂದೊಂದು. ಗಂಡಸರ ವಾರ್ಡಿನ ನರ್ಸುಗಳು ಸೋಮಾರಿಗಳು ಎಂದೇ ಎಲ್ಲರೂ ಆಡಿಕೊಳ್ಳುತ್ತಿದ್ದರಂತೆ. ನಾನೂ ಹಾಗೇ ಎಂದೆ.

"ಅಲ್ಲ ಅಜ್ಜಾ. ಇಲ್ಲಿ ಈ ವಾರ ಇದ್ದವ್ರೇ ಮುಂದಿನ ವಾರ ಅಲ್ಲಿ ಇರ್ತಾರೆ. ಜನ ಅವ್ರೇ. ಮತ್ತೆ ಚುಕ್ಕೆ ಎಂತಕ್ಕೆ ಇಲ್ಲೇ ಬೀಳ್ತದೆ?"

ನನಗೆ ಗೊತ್ತಾಗಲಿಲ್ಲ. ಅವಳಿಗೂ ಬಹಳ ದಿನ ಗೊತ್ತಾಗಿರಲಿಲ್ಲವಂತೆ. ನಾನು ನಿನಗೆ ಬೈದ ಬೈಗುಳ ವಾರ್ಡಿನಿಂದ ವಾರ್ಡಿಗೆ ಹೋಗಿ ಅವಳ ಕಿವಿಗೆ ಬಿದ್ದಾಗಲೇ ಹೊಳೆದದ್ದಂತೆ. ಹಳೆಯ ಚುಕ್ಕೆಗಳನ್ನು ಒಂದೊಂದಾಗಿ ತೆಗೆದು, ನರ್ಸುಗಳನ್ನು ಕೇಳಿ, ಮನೆಯವರಿಗೆ ಫೋನು ಮಾಡಿ, ಆ ಹೊತ್ತಿನಲ್ಲಿ ಹೆಸರು ಕೇಳಿದಾಗ ಉತ್ತರ ಕೊಟ್ಟವರು ಯಾರು ಎಂದು ಹೊಸ ಕಾಲಮ್ಮು ಮಾಡಿದಳು. ಮಗನೋ ಅಣ್ಣನೋ ಪಕ್ಕದಲ್ಲಿದ್ದ ಕಡೆ ಕೆಂಪು ಕಡಿಮೆ. ಹೆಂಡತಿ ಕೂತಿದ್ದ ಕಡೆಯೆಲ್ಲ ಕೆಂಪೇ ಕೆಂಪು. ನಮ್ಮವರು ಮಾತ್ರ ಅಲ್ಲ, ಗದ್ದೆ ಮಾಡುವವರಲ್ಲೂ ಹಾಗೇ, ಘಟ್ಟದ ಬುಡದವರಲ್ಲೂ ಹಾಗೇ. "ನಮ್ಮನೆಯವ್ರು", "ಇವ್ರೇ", "ಲಕ್ಕಿಯ ಅಪ್ಪ". ಒಬ್ಬಳು ಬರೀ ಬೆರಳು ತೋರಿಸಿದ್ದಳಂತೆ, ಆ ಬೆರಳಿನ ನೇರಕ್ಕೆ ಮೂವರು ಮಲಗಿದ್ದರು.

ನೋಡು, ನೀನೊಬ್ಬಳೇ ಅಲ್ಲ. ಮೂರು ತಾಲೂಕಿನ ಹೆಂಗಸರೆಲ್ಲ ನಿನ್ನ ಪಕ್ಷ.

ನಾನು ಆಗಲೂ ಬಿಡಲಿಲ್ಲ. "ಹಂಗಾರೆ ಹೆಂಗಸರದ್ದೇ ತಪ್ಪು ಅಂತಾತು" ಎಂದು ಹಟ ಹಿಡಿದೆ. ಅವಳು ಪರದೆ ಮಡಚಿ ನನ್ನನ್ನೇ ನೋಡಿದಳು. "ಹೆಂಗಸ್ರು ಸುಳ್ಳು ಹೇಳ್ಲಿಲ್ಲ ಅಜ್ಜಾ. ನಾವು ಕೇಳಬಾರದ್ದನ್ನ ಕೇಳಬಾರದವ್ರ ಹತ್ರ ಕೇಳ್ದೆವು. ಬಂಡೆ ಅದು, ನಮ್ಮ ಪ್ರಶ್ನೆ" ಎಂದಳು. "ನೀವು ಕೂಗಿದ್ರಿ, ಉಳ್ಕೊಂಡ್ರಿ. ಎಲ್ರಿಗೂ ನಿಮ್ಮಂಥ ಬಾಯಿ ಇರೂದಿಲ್ಲ. ಸುಮ್ನೆ ಕೈ ಕೊಡೋರ ಗತಿ ಎಂತ?"

ನಾನು ಪಕ್ಕದ ಮಂಚ ನೋಡಿದೆ. ಸುಮ್ಮನೆ ಕೈ ಕೊಡುವವನು ಅಲ್ಲೇ ಇದ್ದ. ನನ್ನ ಸೂಜಿ ಅವನಿಗೆ ಹೋಗುವುದಿದ್ದರೆ ಆ ಪ್ರಾಣಿ ಒಂದು ಶಬ್ದ ಮಾಡುತ್ತಿರಲಿಲ್ಲ.

ಈಗ ನಿನಗೆ ಹೇಳದೆ ಇಟ್ಟುಕೊಂಡದ್ದೊಂದಿದೆ. ಸುಚಿತಾ ಏಳುವ ಮೊದಲು, "ಇನ್ನೊಂದು ಅರ್ಥ ಆಗ್ಲಿಲ್ಲ. ಕಿಟಕಿ ಪಕ್ಕದ ಮಂಚ ಕಾಸರಕೋಡಿನ ಅಜ್ಜಂದು ಅಂತ ನಮ್ಮ ಫೈಲಲ್ಲಿ ಅದೆ. ನೀವು ಅದ್ರಲ್ಲಿ ಹ್ಯಾಗೆ ಬಂದ್ರಿ?" ಎಂದು ಕೇಳಿದಳು. ನಾನು ಕಿಟಕಿಯ ಹೊರಗೆ ಕಾಗೆ ನೋಡಿದೆ. ಕಾಸರಕೋಡಿನವನೂ ಕಾಗೆ ನೋಡಿದ. ಕಾಗೆ ಇರಲಿಲ್ಲ.

ಆ ಸೂಜಿಯ ಹಿಂದಿನ ದಿನ ಸಂಜೆ ನೀನು ಚಾ ತರಲು ಕೆಳಗೆ ಹೋಗಿದ್ದೆ. ಗಾಳಿ ಇಲ್ಲದೆ ನನಗೆ ಉಸಿರು ಕಟ್ಟಿದಂತಾಗಿತ್ತು. ಕಾಸರಕೋಡಿನವನಿಗೆ, "ಏಳೋ, ಆ ಮಂಚ ನಂಗೆ ಬೇಕು, ನೀನು ಗಾಳಿ ತಗೊಂಡು ಎಂತ ಮಾಡ್ತೆ?" ಎಂದೆ. ಅವನು ಎದ್ದುಬಿಟ್ಟ. ಯಾರಿಗೂ ಹೇಳಲಿಲ್ಲ. ನೀನು ಬಂದು ಕೇಳಿದಾಗ, "ಅವ್ರೇ ಬದಲು ಮಾಡಿದ್ರು" ಎಂದು ನಿನಗೂ ಹೇಳಿದೆ. ಅಂದರೆ ನರ್ಸು ಸರಿಯಾದ ಮಂಚಕ್ಕೇ ಬಂದಿದ್ದಳು. ನೀನು ನಲವತ್ತು ವರ್ಷದಿಂದ ಕೊಡುವ ಉತ್ತರವನ್ನೇ ಕೊಟ್ಟೆ. ಜಾಗದಲ್ಲಿಲ್ಲದವನು ನಾನೊಬ್ಬನೇ. ಬೈದವನೂ ನಾನೊಬ್ಬನೇ.

ಬರೆದಾಯಿತು. ಕ್ಷಮಿಸು ಗಿಮಿಸು ಎಂದೆಲ್ಲ ನನ್ನಿಂದ ಆಗುವುದಿಲ್ಲ. ಇದನ್ನೇ ಎರಡು ಸಲ ಓದಿಕೊ.

ಈಗ ಇಲ್ಲಿ ಹೆಂಡತಿಯನ್ನು ಹೆಸರು ಕೇಳುವುದನ್ನೇ ಬಿಟ್ಟಿದ್ದಾರೆ. ರೋಗಿಯೇ ಹೆಸರು ಹೇಳಬೇಕು, ಊರು ಹೇಳಬೇಕು. ಮಾತಾಡಲಾಗದವರ ಕೈಗೆ ಹೆಸರು, ಊರು, ಮನೆತನ, ಫೋಟೋ ಇರುವ ಪಟ್ಟಿ ಕಟ್ಟುತ್ತಾರೆ. ನನ್ನ ಕೈಗೂ ಕಟ್ಟಿದ್ದಾರೆ. ಫೋಟೋದಲ್ಲಿ ನಾನು ಯಾರನ್ನೋ ಹೊಡೆಯಲು ಹೊರಟಂತಿದ್ದೇನೆ. ಆ ಇಲ್ಲದ ಕಾಗೆಯಿಂದಲೇ ಸುಚಿತಾ ವಿಷಯ ಹಿಡಿದಿರಬೇಕು, ಗೋಡೆಗೆ ಒಂದು ಬೋರ್ಡು ಬೇರೆ: ಹೇಳದೆ ಮಂಚ ಬದಲಾಯಿಸಬಾರದು. ನರ್ಸುಗಳು ಅದಕ್ಕೆ ವೆಂಕಟನ ಕಾನೂನು ಎನ್ನುತ್ತಾರೆ. ಯಾವ ವೆಂಕಟ ಎಂದು ಹೊಸಬರು ಕೇಳಿದರೆ ಎಲ್ಲರೂ ಕಿಟಕಿಯ ಕಡೆ ತಿರುಗುತ್ತಾರೆ. ಅಂದಿನಿಂದ ಈ ವಾರ್ಡಿನಲ್ಲಿ ಕೆಂಪು ಚುಕ್ಕೆ ಬಿದ್ದಿಲ್ಲ. ನಾನು ಕುಣಿದೆ. ಸುಚಿತಾ, "ಇಷ್ಟು ಬೇಗ ಕುಣೀಬೇಡಿ ಅಜ್ಜಾ, ಬರೂ ಮಳೆಗಾಲ ದಾಟ್ಲಿ, ಆಮೇಲೆ ನೋಡ್ವಾ" ಎಂದಳು. ಆದರೆ ಅವಳೂ ನಗುತ್ತಿದ್ದಳು.

ನಿನ್ನೆ ಒಂದು ತಮಾಷೆಯಾಯಿತು. ನೋಡಲು ಬರುವವರ ಹೊತ್ತಿನಲ್ಲಿ ಸುಚಿತಾ ಶ್ರೀಮತಿಯನ್ನು ಕೆಣಕಿದಳು. "ಸೂಜಿಗಲ್ಲ, ಮದ್ದಿಗಲ್ಲ, ಸುಮ್ನೆ ಕೇಳ್ತೆ. ಒಂದು ಸಲ ಹೇಳಿ ಅಮ್ಮಾ." ಶ್ರೀಮತಿ ಕೆಂಪಾಗಿ, ಗೋಡೆ ನೋಡಿ, ಆಮೇಲೆ ಮದುವೆಯ ಹೊಸ್ತಿಲಲ್ಲಿ ಹೇಳುವ ರಾಗದಲ್ಲಿ ಹೇಳಿಯೇಬಿಟ್ಟಳು:

ಬಂಗ್ಡೆ ಹುರಿದ್ರೆ ಬಾಣ್ಲೇಲಿ ಎಣ್ಣೆ ಚಟಪಟ,
ಎಷ್ಟು ಬೈದ್ರೂ ಮಾತೇ ಇಲ್ಲ, ನಮ್ಮನೆ ವೆಂಕಟ.

ವಾರ್ಡು ಎದ್ದು ಕೂತಿತು. ಕತಗಾಲದ ಕಡೆಯ ಒಬ್ಬಳು, "ನಮ್ಮನೆಯವ್ರು ಶ್ರೀಕೃಷ್ಣ!" ಎಂದು ಕೂಗಿ, ಕೂಡಲೇ ಎರಡೂ ಗಲ್ಲ ಬಡಿದುಕೊಂಡಳು. ಕಾಲು ಮುರಿದುಕೊಂಡು ಮಲಗಿದ್ದವನು ಕೂಡ ತನ್ನ ಹೆಂಡತಿಗೆ, ನಿಂಗೆ ಪ್ರಾಸ ಸಿಗೂದಿಲ್ಲೇನೆ ಎಂದು ಬೈಯತೊಡಗಿದ. ಕಾಸರಕೋಡಿನವನು ಮೊದಲ ಬಾರಿ ಬಾಯಿಬಿಟ್ಟು ನಕ್ಕ. ಹಲ್ಲು ಎರಡೇ ಇದೆ.

ನನಗೆ ನಗು ಬರಲಿಲ್ಲ. ನೀನು ಹೇಳಿದ್ದು ನೆನಪಾಯಿತು. ನಮ್ಮ ತದಡಿ ಮನೆಯ ಹೊಸ್ತಿಲಲ್ಲಿ ನನ್ನ ತಂಗಿ ಕೈ ಅಡ್ಡ ಹಿಡಿದು, ಹೆಸರು ಹೇಳದೆ ಬಿಡೂದಿಲ್ಲ ಎಂದಿದ್ದಳು. ಮದುಮಗಳು ತಲೆ ಎತ್ತುತ್ತಾಳೋ ಇಲ್ಲವೋ ಎಂದು ಎಲ್ಲರೂ ನೋಡುತ್ತಿದ್ದಾಗ ನೀನು ಗಂಟೆ ಹೊಡೆದ ಹಾಗೆ ಹೇಳಿದೆ:

ಅಳಿವೆ ದಾಟಿದ ದೋಣಿಗೆ ಇನ್ನೆಂತ ಸಂಕಟ?
ಬಾಗಿಲು ಬಿಡೆ ನಾದಿನಿ, ಹಸಿದು ನಿಂತ ವೆಂಕಟ.

ನನಗೆ ನಿಜಕ್ಕೂ ಹಸಿವಾಗಿತ್ತು. ನಿನಗೆ ಹೇಗೆ ಗೊತ್ತಾಯಿತೋ. ಅದೊಂದೇ ಸಲ ನಿನ್ನ ಬಾಯಲ್ಲಿ ನನ್ನ ಹೆಸರು ಕೇಳಿದ್ದು. ಆಮೇಲೆ ನೀನು ಹೇಳಲಿಲ್ಲ, ನನಗೆ ಕೇಳಬೇಕೆಂದು ಆಸೆ ಇದ್ದದ್ದು ನನಗೂ ತಿಳಿಯಲಿಲ್ಲ. ಅವತ್ತು ಅಷ್ಟು ಅರಚಿದ್ದು ಅದಕ್ಕೂ ಇರಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ಮನೆಗೆ ಹೋದ ಮೇಲೆ ನನಗೆ ಮದ್ದು ಕೊಡುವವರು ಯಾರು ಎಂದು ಬರೆದುಕೊಳ್ಳಬೇಕಂತೆ, ತಪ್ಪು ಮದ್ದು ಮನೆಯಲ್ಲೂ ಹೋಗಬಾರದಲ್ಲ. ಸುಚಿತಾ ಪೆನ್ನು ಹಿಡಿದು, "ಅವ್ರ ಹೆಸರು?" ಎಂದಳು.

"ಕಿರಣನ ಅವ್ವಿ" ಎಂದೆ.

ಮೊದಲು ಶ್ರೀಮತಿ ಶುರು ಮಾಡಿದಳು ನಗಲು, ಕತಗಾಲದವಳು ಸೇರಿದಳು, ಸೂಜಿ ಹಿಡಿದಿದ್ದ ನರ್ಸು, ಅದೇ ನರ್ಸು, ಸೂಜಿ ಕೆಳಗಿಟ್ಟು ನಕ್ಕಳು. ಸುಚಿತಾ ನಗದೆ, "ಇದ್ಕೂ ಒಂದು ಚುಕ್ಕೆ ಹಾಕ್ಲಾ ಅಜ್ಜಾ?" ಎಂದು ಕೇಳಿದಳು. "ಹೆಸರು ಹೇಳಿದ್ರೆ ನಾಲಗೆ ಉದುರ್ತದಾ?"

ಎಷ್ಟು ಯೋಚಿಸಿದರೂ ನಾನು ನಿನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಾಗಲಿಲ್ಲ. ಹೋಯ್, ಕೇಳ್ತೇನೇ, ಎಲ್ಲಿ ಸತ್ತೆ. ಇಷ್ಟರಲ್ಲೇ ಸಂಸಾರ ಆಯಿತು. ಫಾರಂ ಹಾಗೇ ಖಾಲಿ ಇದೆ. ಸೋಮವಾರದೊಳಗೆ ತುಂಬಬೇಕಂತೆ.

ಇನ್ನು ಬರೆಯಲು ಕೈ ನೋಯುತ್ತದೆ. ನಾಗಿಗೆ ಹೇಳು, ಭಟ್ಕಳದ ಮೀನು ಅವಳೇ ಕೊಚ್ಚಲಿ ಎಂದು. ತದಡಿಯಲ್ಲೂ ಮೀನು ಇದೆ.

ಹೀಗೆಂದು ಬರೆದು ಕೈ ಇಟ್ಟವನು,
ವೆಂಕಟ, ತದಡಿ
(ಮಂಚ ಬದಲಾಯಿಸಿದವನು)

ಕಡೆಗೆ ಸೇರಿಸಿದ್ದು, ಸೋಮವಾರ: ಲಕೋಟೆಯ ಮೇಲೆ ಸ್ಟಾಂಪು ಹುಡುಕಬೇಡ, ಅಂಚೆಗೆ ಹಾಕಲೇ ಇಲ್ಲ. ಕಾಸರಕೋಡಿನವನಿಗೂ ಇವತ್ತೇ ಬಿಡುಗಡೆ. ಅವನನ್ನು ಮನೆಗೆ ಇಳಿಸಿ, ಅವನ ಮಗ ತನ್ನ ಟೆಂಪೋದಲ್ಲಿ ನನ್ನನ್ನು ಭಟ್ಕಳಕ್ಕೆ ತಂದು ಬಿಟ್ಟ. ಕಿರಣ ತಂದು ಬಿಟ್ಟ ಎಂದರೆ ನೀನು ನಮ್ಮವನೆಂದು ತಿಳಿದೀಯೆ, ಅದಕ್ಕೆ ಬಿಡಿಸಿ ಬರೆದೆ. ಈಗ ನಾಗಿಯ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳು ಬಾಗಿಲಿಗೆ ಕೈ ಅಡ್ಡ ಹಿಡಿದು, "ಮದ್ವೇಲಿ ನಮ್ಮಕ್ಕನ್ನ ನಿಲ್ಸಿದ್ರಲ್ಲ ಬಾವಾ, ಈಗ ನಿಮ್ಮ ಸರದಿ. ಹೆಸರು ಹೇಳಿ ಒಳಗೆ ಬನ್ನಿ" ಎನ್ನುತ್ತಾಳೆ. ಬಂದರಿನ ಅರ್ಧ ಜನ ಅಂಗಳದಲ್ಲಿದ್ದಾರೆ. ಅಷ್ಟು ಜನರೆದುರು ಹೇಳುವ ಮೊದಲು ನಿನಗೊಬ್ಬಳಿಗೇ ಬರೆದು ಒಳಗೆ ಕಳಿಸುತ್ತಿದ್ದೇನೆ. ಗುಬ್ಬಿ ಎಂದು ಸೇರಿಸು, ಪ್ರಾಸ ಚೆಂದವಾಗುತ್ತದೆ ಎಂದು ಕಾಸರಕೋಡಿನವನು ಹೇಳಿದ್ದ. ನೀನು ಗುಬ್ಬಿಯಂಥವಳಲ್ಲ ಎಂದು ಅವನಿಗೇನು ಗೊತ್ತು?

ತದಡಿ ಮನೆ ಮಾಡಿಗೆ ಹೀರೆ ಬಳ್ಳಿ ಹಬ್ಬಿ,
ಕಾಯಿ ಬಲಿಯೂ ಮುಂಚೆ ಮನೆಗೆ ಬಾರೆ ನನ್ನ ಸುಬ್ಬಿ.

ಫಾರಮ್ಮಿನಲ್ಲೂ ಬರೆದು ಕೊಟ್ಟು ಬಂದಿದ್ದೇನೆ. ಈಗ ಬಾಯಲ್ಲೂ ಹೇಳುತ್ತೇನೆ, ಕಿಟಕಿ ತೆರೆದಿಡು. ನೀನು ಒಳಗಿಂದ "ಆತು" ಅಂದರೆ ಸಾಕು. ಬೇಗ ಅನ್ನು, ಹಸಿದು ನಿಂತಿದ್ದೇನೆ.